ಪದ ಪರಿಚಯ: ಪರಿಹಾರ ನೆಡುತೋಪು

ಮುಂಬಯಿಯಲ್ಲಿ ರಸ್ತೆಯೋ ರೈಲೋ ಸೇತುವೆಯೋ ಖಾಡಿಯ (ಸಮುದ್ರದ ನೀರು ಒಳಬರುವ ಹಿನ್ನೀರಿನ) ದಡ ಮುಟ್ಟಿತೆಂದರೆ ಕೂಡಲೇ ಕೇಳಿಬರುವ ಮಾತು, “ಕಡಿದದ್ದರ ಮೂರು ಪಟ್ಟು ನೆಡುತ್ತೇವೆ.” ಹೀಗೆ ನಾಶವಾಗುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಬದಲಾಗಿ, ಯೋಜನೆಯವರ ಖರ್ಚಿನಲ್ಲೇ ಬೇರೆಡೆ ಬೆಳೆಸಬೇಕಾದ ಕಾಡಿಗೆ ಪರಿಹಾರ ನೆಡುತೋಪು ಎನ್ನುತ್ತಾರೆ. ಕುಂದಾಪುರ, ಕಾರವಾರದ ಕಡೆಯಿಂದ ಬಂದವರಿಗೆ ಕಾಂಡ್ಲಾ ಹೊಸದಲ್ಲ. ಇಲ್ಲಿನ ಮರಾಠಿಯಲ್ಲಿ ಅದೇ ತಿವರ, ಕಾಂದಳವನ.

ಮೂರು ಪಟ್ಟು ಎಂಬುದು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿದೆ. ಕಾಂಡ್ಲಾ ಕಾಡು ಅದರಲ್ಲಿ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. ಕಾಡು 1,000 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಸುತ್ತಲಿನ 50 ಮೀಟರ್ ಅಂಚಿಗೂ ರಕ್ಷಣೆ ಉಂಟು. ದೇಶದ ರಕ್ಷಣೆ, ಸಾರ್ವಜನಿಕ ಸೌಕರ್ಯದಂಥ ಅಪರೂಪದ ಕಾರಣಕ್ಕೆ ಕಂಬಗಳ ಮೇಲೆ ರಸ್ತೆ ಒಯ್ಯಲು ಅವಕಾಶವಿದ್ದು, ಆಗ ಹಾನಿಯಾದ ಜಾಗದ ಕನಿಷ್ಠ ಮೂರು ಪಟ್ಟು ಜಾಗದಲ್ಲಿ ಕಾಂಡ್ಲಾ ನೆಡಬೇಕು. ಗಮನಿಸಿ, ಅಧಿಸೂಚನೆ ಹೇಳುವುದು ವಿಸ್ತೀರ್ಣದ ಲೆಕ್ಕ. ಸುದ್ದಿಯಲ್ಲಿ ಬರುವುದು ಬಹುತೇಕ ಗಿಡಗಳ ಲೆಕ್ಕ. ಇವೆರಡೂ ಒಂದೇ ಅಲ್ಲ. ಒಂದೂವರೆ ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೇ 4,444 ಸಸಿ ಹಿಡಿಯುತ್ತವೆ. ಇನ್ನೂ ಒತ್ತೊತ್ತಾಗಿ ನೆಟ್ಟು, ಸಣ್ಣ ಜಾಗದಲ್ಲೇ ದೊಡ್ಡ ಸಂಖ್ಯೆ ತೋರಿಸಬಹುದು.

ಮಹಾರಾಷ್ಟ್ರದಲ್ಲಿ ಇದರ ಮೇಲೆ ಇನ್ನೊಂದು ಬೀಗವಿದೆ. 2018ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ರಾಜ್ಯದಾದ್ಯಂತ ಕಾಂಡ್ಲಾ ನಾಶವನ್ನು ನಿಷೇಧಿಸಿತು. ಸಾರ್ವಜನಿಕ ಹಿತಕ್ಕೆ ಅನಿವಾರ್ಯ ಎಂದು ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಕಡಿಯಬಹುದು. ಬುಲೆಟ್ ರೈಲಿಗೆ ಅನುಮತಿ ಸಿಕ್ಕಿದ್ದು ಹೀಗೆ, 2022ರ ಡಿಸೆಂಬರ್‌ನಲ್ಲಿ. ಮೊದಲ ಲೆಕ್ಕದಲ್ಲಿ 53,467 ಮರಗಳು ಹೋಗಬೇಕಿತ್ತು. ಯೋಜನೆ ತಿದ್ದಿದ ಮೇಲೆ ಅದು 21,997ಕ್ಕೆ ಇಳಿಯಿತು. ಐದು ಪಟ್ಟು ನೆಡುತ್ತೇವೆಂದು ಯೋಜನೆಯವರು ಕೊಟ್ಟ ಭರವಸೆಗಿಂತ, ಕೊಡಲಿ ಬೀಳದೆ ಉಳಿದ ಆ ಮೂವತ್ತೊಂದು ಸಾವಿರ ಚಿಲ್ಲರೆ ಮರಗಳೇ ದೊಡ್ಡ ಲಾಭ. ಪರಿಹಾರ ಕೊನೆಯ ಮೆಟ್ಟಿಲು. ಮೊದಲು ಹಾನಿ ತಪ್ಪಿಸಬೇಕು, ಆಗದಿದ್ದರೆ ತಗ್ಗಿಸಬೇಕು, ಉಳಿದದ್ದಕ್ಕೆ ಮಾತ್ರ ನೆಡುವ ಮಾತು.

ಒಳನಾಡಿನ ಕೆರೆ, ಜೌಗಿಗೆ ಕಾನೂನೇ ಬೇರೆ: 2017ರ ಜೌಗು ಪ್ರದೇಶ ನಿಯಮಗಳು. ಅಧಿಸೂಚಿತ ಜೌಗನ್ನು ತುಂಬಿಸುವುದು, ಕಸ ಸುರಿಯುವುದು, ಸಂಸ್ಕರಿಸದ ಕೊಳಚೆ ಬಿಡುವುದು ಅಲ್ಲಿ ನಿಷಿದ್ಧ. ಹತ್ತು ವರ್ಷದ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ, ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ಕಟ್ಟಡ ಸಲ್ಲದು. ಇಲ್ಲಿ ‘ಇಷ್ಟು ಪಟ್ಟು’ ಎಂಬ ರಿಯಾಯಿತಿಯೇ ಇಲ್ಲ. ಆದರೆ ಗದ್ದೆ, ನದಿಯ ಪಾತ್ರ, ಉಪ್ಪಿನಾಗರ, ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ ಈ ನಿಯಮಗಳ ವ್ಯಾಖ್ಯೆಗೆ ಬರುವುದಿಲ್ಲ. ಭಾಂಡುಪ್, ಮುಲುಂಡ್ ಕಡೆಯ ಉಪ್ಪಿನಾಗರಗಳಲ್ಲಿ ಹಕ್ಕಿಗಳೆಷ್ಟೇ ಇಳಿಯಲಿ, ಈ ನಿಯಮ ಅವುಗಳ ನೆರವಿಗೆ ಬಾರದು.

ಇನ್ನು ನೆಟ್ಟದ್ದು ಯಾಕೆ ಸಾಯುತ್ತದೆ? ಕಾರಣ ಹೆಚ್ಚಾಗಿ ಗಿಡದಲ್ಲಿಲ್ಲ, ನೀರಿನಲ್ಲಿದೆ. ಕಾಂಡ್ಲಾ ಬೇರೂರುವುದು ಉಬ್ಬರ-ಇಳಿತದ ನಡುವಿನ ಮೇಲರ್ಧದಲ್ಲಿ. ದಿನದ ಕೆಲವು ಗಂಟೆ ಕೆಸರು ಗಾಳಿಗೆ ತೆರೆದಿರಲೇಬೇಕು. ಮುಂಬಯಿಯಲ್ಲಿ ಹೆಚ್ಚು ಕಾಣುವ ಅವಿಸೀನಿಯಾ ಜಾತಿಯ ಮರದ ಬುಡದಲ್ಲಿ ಬಾಗಿ ನೋಡಿದರೆ, ಕೆಸರಿನಿಂದ ಪೆನ್ಸಿಲಿನಂತೆ ನೂರಾರು ಬೇರುಗಳು ಮೇಲೆದ್ದು ನಿಂತಿರುತ್ತವೆ. ಮರ ಉಸಿರಾಡುವುದು ಅವುಗಳಿಂದ. ರಾತ್ರೋರಾತ್ರಿ ಡಂಪರ್ ತಂದು ಸುರಿದ ಡೆಬ್ರಿ (ಕಟ್ಟಡ ಒಡೆದ ಕಸ) ಅವುಗಳನ್ನು ಮುಚ್ಚಿದರೆ, ರಸ್ತೆಯ ಏರಿ ಉಬ್ಬರದ ನೀರನ್ನು ತಡೆದರೆ ಅಥವಾ ಒಳಬಂದ ನೀರು ಹೊರಹೋಗದೆ ನಿಂತರೆ ಗರಗಸ ಮುಟ್ಟಿಸದೆಯೇ ಕಾಡು ಒಣಗುತ್ತದೆ. ಕಡಿದವರು ಯಾರೂ ಇಲ್ಲದ್ದರಿಂದ ಅದು ಯಾವ ಪರಿಹಾರದ ಲೆಕ್ಕಕ್ಕೂ ಸಿಗುವುದಿಲ್ಲ.

ಮೋರಿ ಬಿಡಿಸಿ ಉಬ್ಬರದ ದಾರಿ ತೆರೆದು, ಹತ್ತಿರದಲ್ಲಿ ಬೀಜ ಉದುರಿಸುವ ಮರಗಳಿದ್ದರೆ, ಬೀಜಗಳು ತೇಲಿ ಬಂದು ತಾವಾಗಿ ಮೊಳೆಯುತ್ತವೆ. ಇದು ಸಸಿ ನೆಡುವುದಕ್ಕಿಂತ ಅಗ್ಗ, ಗಟ್ಟಿ ಕೂಡ. ತದ್ವಿರುದ್ಧವಾಗಿ, ಖಾಲಿ ಕಾಣುತ್ತದೆಂದು ತಗ್ಗಿನ ಕೆಸರುಬಯಲಿನಲ್ಲಿ ಸಸಿ ಊರಿದರೆ ಅವು ಮುಳುಗಿ ಸಾಯುತ್ತವೆ. ಎಳೆಯ ಕಾಂಡಕ್ಕೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ, ಬಾರ್ನಕಲ್ ಚಿಪ್ಪುಗಳು ಅಂಟಿ ಭಾರಕ್ಕೆ ಬಗ್ಗಿಸುತ್ತವೆ. ಒಂದುವೇಳೆ ಬದುಕಿದರೂ ನಷ್ಟವೇ: ಆ ಬಯಲೇ ಫ್ಲೆಮಿಂಗೊಗಳ ಊಟದ ತಟ್ಟೆ. 2022ರಲ್ಲಿ ರಾಮ್ಸರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ಮನ್ನಣೆ) ಪಡೆದ ಠಾಣೆ ಖಾಡಿಯಲ್ಲಿ ಕಾಂಡ್ಲಾ, ಕೆಸರುಬಯಲು ಎರಡೂ ಇವೆ.

ನಿಮ್ಮ ಬಡಾವಣೆಯ ಪಕ್ಕದ ಯೋಜನೆಗೆ ‘ನೆಟ್ಟಿದ್ದೇವೆ’ ಎಂಬ ಉತ್ತರ ಬಂದರೆ ಮಾಹಿತಿ ಹಕ್ಕಿನಡಿ ಇಷ್ಟು ಕೇಳಿ: ಜಾಗದ ಅಕ್ಷಾಂಶ-ರೇಖಾಂಶ, ಹೆಕ್ಟೇರ್, ಅಲ್ಲಿ ಮೊದಲು ಏನಿತ್ತು, ಉಬ್ಬರದ ನೀರು ಯಾವ ಮೋರಿಯಿಂದ ಬರುತ್ತದೆ, ಮೂರನೇ ವರ್ಷ ಎಷ್ಟು ಸಸಿ ಬದುಕಿವೆ, ಸತ್ತ ಜಾಗದಲ್ಲಿ ಮರುನೆಡುವ ಹೊಣೆ ಯಾರದು. ಅನುಮತಿಯ ಷರತ್ತು ಪಾಲನೆಯ ಬಗ್ಗೆ ಯೋಜನೆಯವರು ಆರು ತಿಂಗಳಿಗೊಮ್ಮೆ ಕೊಡಬೇಕಾದ ವರದಿಯ ಪ್ರತಿಯನ್ನೂ ಕೇಳಿ. ಡೆಬ್ರಿ ಸುರಿಯುವುದು ಕಣ್ಣಿಗೆ ಬಿದ್ದರೆ ವಾಹನದ ನಂಬರು, ಸಮಯ, ಸ್ಥಳ ಕಾಣುವ ಫೋಟೊದೊಂದಿಗೆ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ಸೆಲ್‌ಗೆ ಲಿಖಿತ ದೂರು ಕೊಡಿ. ಹೈಕೋರ್ಟ್ ಆದೇಶದಂತೆ ಕೊಂಕಣ ವಿಭಾಗೀಯ ಆಯುಕ್ತರ ಅಧ್ಯಕ್ಷತೆಯಲ್ಲಿರುವ ಕಾಂಡ್ಲಾ ಸಮಿತಿಗೂ ಅದರ ಪ್ರತಿ ಹೋಗಲಿ.