ಕಡಲಿಲ್ಲದ ದೇಶದ ನೀರಿನಾಟ: ಹಂಗೇರಿ ವಾಟರ್ ಪೋಲೊ ತಂಡದ ನೂರು ವರ್ಷ

ಬಲಗಣ್ಣಿನ ಕೆಳಗೆ ಚರ್ಮ ಸೀಳಿದೆ. ರಕ್ತ ಕೆನ್ನೆ ದಾಟಿ ಎದೆಯವರೆಗೂ ಇಳಿದಿದೆ. ಒದ್ದೆ ಮೈಯ ಯುವಕನೊಬ್ಬ ಈಜುಕೊಳದಿಂದ ಮೇಲೆ ಬಂದು ನಿಂತಿದ್ದಾನೆ. 1956ರ ಡಿಸೆಂಬರ್ 6ರಂದು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ತೆಗೆದ ಫೋಟೊ ಇದು. ಯುವಕನ ಹೆಸರು ಎರ್ವಿನ್ ಝಾದೋರ್, ಹಂಗೇರಿಯ ಆಟಗಾರ. ವಾಟರ್ ಪೋಲೊ ಆಟವನ್ನು ಒಮ್ಮೆಯೂ ನೋಡದವರು ಕೂಡ ಈ ಚಿತ್ರವನ್ನು ಎಲ್ಲೋ ಕಂಡಿರುತ್ತಾರೆ. ಹಂಗೇರಿ ತಂಡದ ಬಗ್ಗೆ ಯಾರೇ ಬರೆದರೂ ಇಲ್ಲಿಂದಲೇ ಶುರುಮಾಡುತ್ತಾರೆ. ನಾನೂ ಅದನ್ನೇ ಮಾಡಿದೆ. ಆದರೆ ಈ ತಂಡ ಒಲಿಂಪಿಕ್ಸ್‌ನಲ್ಲಿ 9 ಚಿನ್ನ, 3 ಬೆಳ್ಳಿ, 4 ಕಂಚು ಗೆದ್ದದ್ದು ಹೇಗೆ ಎಂದು ಕೇಳಿದರೆ ಆ ರಕ್ತದಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ರಾಜಧಾನಿ ಬುಡಾಪೆಸ್ಟಿನ ನೆಲದಡಿಯ ಬಿಸಿನೀರಿನಲ್ಲಿದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಒಂದೊಂದು ಕಡೆ ಏಳು ಜನ, ಈಜುತ್ತ ಚೆಂಡನ್ನು ಎದುರಾಳಿಯ ಬಲೆಗೆ ಎಸೆಯಬೇಕು. ಕೊಳದ ತಳಕ್ಕೆ ಕಾಲೂರುವಂತಿಲ್ಲ. ಗೋಲಿಯನ್ನು, ಅಂದರೆ ಬಲೆ ಕಾಯುವವನನ್ನು, ಬಿಟ್ಟರೆ ಬೇರೆ ಯಾರೂ ಎರಡು ಕೈಯಿಂದ ಚೆಂಡು ಹಿಡಿಯುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಈಜು ಕಲಿತವರಿಗೆ ನೀರು ತುಳಿಯುವುದು ಅಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದನ್ನೇ ಆಟ ಮುಗಿಯುವ ತನಕ ಮಾಡಬೇಕು. ಕಾಲುಗಳು ಕಡೆಗೋಲಿನ ಹಾಗೆ ಒಂದು ಒಳಕ್ಕೆ, ಒಂದು ಹೊರಕ್ಕೆ ಸುತ್ತುತ್ತಲೇ ಇರುತ್ತವೆ. ಬಲೆಗೆ ಹೊಡೆಯುವ ಗಳಿಗೆಯಲ್ಲಿ ಆ ಸುತ್ತಿನ ಬಲದಿಂದಲೇ ಆಟಗಾರ ಸೊಂಟದವರೆಗೆ ನೀರಿನಿಂದ ಮೇಲೇಳುತ್ತಾನೆ. ಅದೇ ಹೊತ್ತಿಗೆ ಎದುರಾಳಿ ಅವನ ಚಡ್ಡಿ ಹಿಡಿದು ಕೆಳಗೆಳೆಯುತ್ತಿರುತ್ತಾನೆ. ನೀರಿನಡಿ ನಡೆಯುವುದೆಲ್ಲ ರೆಫರಿಗೆ ಕಾಣುವುದಿಲ್ಲ. ವಾಟರ್ ಪೋಲೊದ ಅರ್ಧ ಜಗಳಗಳಿಗೆ ಅದೇ ಮೂಲ.

ಮೊದಲನೇ ಮಹಾಯುದ್ಧ ಸೋತ ಹಂಗೇರಿ 1920ರ ಒಪ್ಪಂದದಲ್ಲಿ ಮೂರನೇ ಎರಡು ಪಾಲು ನೆಲವನ್ನು ಕಳೆದುಕೊಂಡಿತು. ಏಡ್ರಿಯಾಟಿಕ್ ತೀರದಲ್ಲಿದ್ದ ಏಕೈಕ ಬಂದರು ಫಿಯುಮೆ ಕೂಡ ಹೋಯಿತು. ಆ ವರ್ಷದ ಒಲಿಂಪಿಕ್ಸ್‌ಗೆ ಸೋತ ದೇಶಗಳನ್ನು ಕರೆಯಲೇ ಇಲ್ಲ. ಕಡಲು ಕೈತಪ್ಪಿದ ಅದೇ ದಶಕದಲ್ಲಿ ಈ ದೇಶ ನೀರಿನ ಆಟದಲ್ಲಿ ಮೇಲೆ ಬಂತು. 1924ರಲ್ಲಿ ಪ್ಯಾರಿಸ್‌ಗೆ ಹೋಗಿ, ಅದುವರೆಗೆ ನಾಲ್ಕು ಚಿನ್ನ ಗೆದ್ದಿದ್ದ ಬ್ರಿಟನ್ನನ್ನೇ ಸೋಲಿಸಿತು. 1926ರಲ್ಲಿ ಮೊದಲ ಯೂರೋಪಿಯನ್ ಚಾಂಪಿಯನ್‌ಶಿಪ್ ನಡೆದದ್ದು ಬುಡಾಪೆಸ್ಟಿನಲ್ಲಿ, ಗೆದ್ದದ್ದೂ ಹಂಗೇರಿಯೇ. 1928ರ ಆಮ್‌ಸ್ಟರ್‌ಡ್ಯಾಮ್ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಆಟದಲ್ಲಿ ಜರ್ಮನಿಗೆ 5-2ರಿಂದ ಸೋತಿತು.

ಇದರ ಹಿಂದಿದ್ದವನು ಬೇಲಾ ಕೊಮ್ಯಾದಿ ಎಂಬ ಕೋಚ್. ಬುಡಾಪೆಸ್ಟಿನಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಬರವಿಲ್ಲ. ರೋಮನ್ನರ ಕಾಲದಿಂದಲೂ ಅಲ್ಲಿ ಜನ ಮೀಯುತ್ತ ಬಂದಿದ್ದಾರೆ, ತುರ್ಕರು ಕಟ್ಟಿಸಿದ ಸ್ನಾನಗೃಹಗಳು ಇಂದಿಗೂ ನಡೆಯುತ್ತಿವೆ. ಬೇರೆ ದೇಶಗಳ ತಂಡಗಳು ಚಳಿಗಾಲದಲ್ಲಿ ಕೈಕಟ್ಟಿ ಕೂರುವಾಗ ಇಲ್ಲಿ ಹಿಮ ಬೀಳುತ್ತಿದ್ದರೂ ಬಯಲಿನ ಕೊಳದಲ್ಲಿ ಹಬೆಯ ನಡುವೆ ಅಭ್ಯಾಸ ಮಾಡಬಹುದಿತ್ತು. ಸೋಜಿಗ ಏನಿಲ್ಲ, ನೀರು ಬಿಸಿ ಇತ್ತು, ಅಷ್ಟೇ. ಆದರೆ ಆ ನೀರಿನಲ್ಲಿ ಏನು ಮಾಡಬೇಕೆಂದು ತಿಳಿದವನು ಬೇಕಿತ್ತು. ಚೆಂಡನ್ನು ನೀರಿಗೆ ಬೀಳಲು ಬಿಡದೆ ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವ ಪಾಸ್ ಅನ್ನು ರೂಢಿಗೆ ತಂದ ಹೆಗ್ಗಳಿಕೆ ಕೊಮ್ಯಾದಿಯದು. ಕುಸ್ತಿಯ ಹಾಗಿದ್ದ ಆಟಕ್ಕೆ ಅದರಿಂದ ವೇಗ ಬಂತು. 1932ರ ಲಾಸ್ ಏಂಜಲೀಸ್‌ನಲ್ಲಿ ಮೊದಲ ಒಲಿಂಪಿಕ್ ಚಿನ್ನ ಬಂತು. ಇದೇ ಕೂಟದಲ್ಲಿ ಬ್ರೆಜಿಲ್-ಜರ್ಮನಿ ಪಂದ್ಯಕ್ಕೆ ಕೊಮ್ಯಾದಿಯೇ ರೆಫರಿ! ಸೋತ ಬ್ರೆಜಿಲಿಯನ್ನರು ಸಿಟ್ಟಿನಲ್ಲಿ ಅವನ ಮೇಲೆ ಏರಿಹೋಗಿ ಕೂಟದಿಂದಲೇ ಹೊರಬಿದ್ದರು. ಒಂದು ತಂಡದ ಕೋಚ್ ಅದೇ ಕೂಟದಲ್ಲಿ ಸೀಟಿ ಊದುವುದನ್ನು ಈಗ ಊಹಿಸಲೂ ಆಗುವುದಿಲ್ಲ. ಮರುವರ್ಷವೇ ಕೊಮ್ಯಾದಿ ತೀರಿಕೊಂಡ. ಬುಡಾಪೆಸ್ಟಿನ ದೊಡ್ಡ ಈಜುಕೊಳವೊಂದಕ್ಕೆ ಇಂದು ಅವನ ಹೆಸರಿದೆ.

ಆ ಕಾಲದ ತಂಡದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವವನು ಒಲಿವೇರ್ ಹಲಾಶಿ. ಬಾಲ್ಯದಲ್ಲಿ ಟ್ರ್ಯಾಮ್ ಅಪಘಾತದಲ್ಲಿ ಅವನ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕಾಲಿನ ಸುತ್ತಿನ ಮೇಲೆಯೇ ನಿಂತ ಆಟವನ್ನು ಆ ಮನುಷ್ಯ ಒಂದೂವರೆ ಕಾಲಿನಲ್ಲಿ ಆಡಿ 1928ರಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ತಂದ. ನಡುವೆ 1931ರಲ್ಲಿ 1500 ಮೀಟರ್ ಫ್ರೀಸ್ಟೈಲ್‌ನಲ್ಲಿ ಯೂರೋಪಿಗೇ ಮೊದಲಿಗನಾದ. 1946ರಲ್ಲಿ ಬುಡಾಪೆಸ್ಟಿನಲ್ಲೇ ಸೋವಿಯತ್ ಸೈನಿಕನೊಬ್ಬನ ಕೈಯಲ್ಲಿ ಕೊಲೆಯಾದ. 1936ರ ಬರ್ಲಿನ್ ಚಿನ್ನದ ಕಥೆಯೂ ಸಣ್ಣದಲ್ಲ. ಹಿಟ್ಲರನ ಊರಿನಲ್ಲಿ ಜರ್ಮನಿಯೊಂದಿಗೆ 2-2 ಸಮ, ಗೋಲುಗಳ ಸರಾಸರಿಯಲ್ಲಿ ಹಂಗೇರಿಗೆ ಚಿನ್ನ. ಆ ತಂಡದಲ್ಲಿದ್ದ ಗೋಲಿ ಗ್ಯೋರ್ಗಿ ಬ್ರೋಡಿ ಮತ್ತು ಮಿಕ್ಲೋಶ್ ಶಾರ್ಕಾನಿ ಇಬ್ಬರೂ ಯಹೂದಿಗಳು.

ಇನ್ನು 1956. ಅಕ್ಟೋಬರ್ 23ರಂದು ಬುಡಾಪೆಸ್ಟಿನಲ್ಲಿ ಸೋವಿಯತ್ ಹಿಡಿತದ ವಿರುದ್ಧ ದಂಗೆ ಎದ್ದಾಗ ತಂಡ ಊರಿನ ಮೇಲಿನ ಗುಡ್ಡದ ಶಿಬಿರದಲ್ಲಿತ್ತು. ಗುಂಡಿನ ಸದ್ದು ಕೇಳಿಸುತ್ತಿತ್ತು. ಗಲಭೆಯಲ್ಲಿ ಸಿಕ್ಕಿಹಾಕಿಕೊಳ್ಳದಿರಲೆಂದು ಅವರನ್ನು ಚೆಕೊಸ್ಲೊವಾಕಿಯಾಕ್ಕೆ ದಾಟಿಸಿದರು. ಸೋವಿಯತ್ ಟ್ಯಾಂಕುಗಳು ದಂಗೆಯನ್ನು ತುಳಿದುಹಾಕಿದವೆಂಬ ಪೂರ್ತಿ ಸುದ್ದಿ ತಿಳಿದದ್ದು ಆಸ್ಟ್ರೇಲಿಯಾ ತಲುಪಿದ ಮೇಲೆ. ಒಲಿಂಪಿಕ್ ಗ್ರಾಮದಲ್ಲಿದ್ದ ಕಮ್ಯುನಿಸ್ಟ್ ಲಾಂಛನದ ಬಾವುಟವನ್ನು ಇಳಿಸಿ ಅವರು ಸ್ವತಂತ್ರ ಹಂಗೇರಿಯ ಬಾವುಟ ಏರಿಸಿದರು. ಹೀಗಿರುವಾಗ ಎದುರಿಗೆ ಬಂದದ್ದು ಸೋವಿಯತ್ ತಂಡ. ಗ್ಯಾಲರಿಯಲ್ಲಿದ್ದ 5,500 ಜನರಲ್ಲಿ ವಲಸೆ ಬಂದ ಹಂಗೇರಿಯನ್ನರೇ ಬಹಳ.

ಹಂಗೇರಿಯ ಹುಡುಗರು ಶಾಲೆಯಲ್ಲಿ ಕಡ್ಡಾಯವಾಗಿ ರಷ್ಯನ್ ಕಲಿತವರು. ಅದು ಈಗ ಉಪಯೋಗಕ್ಕೆ ಬಂತು: ಎದುರಾಳಿಗಳನ್ನು ಅವರ ಭಾಷೆಯಲ್ಲೇ ಕೆಣಕಿದರು. ಸಿಟ್ಟಿಗೆದ್ದವನು ತಪ್ಪು ಮಾಡುತ್ತಾನೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಝಾದೋರ್ ಎರಡು ಗೋಲು ಹೊಡೆದ, 4-0 ಆಯಿತು. ಕೊನೆಯ ನಿಮಿಷಗಳಲ್ಲಿ ಅವನು ಸೋವಿಯತ್ ಆಟಗಾರ ವ್ಯಾಲೆಂಟಿನ್ ಪ್ರೊಕೊಪೊವ್‌ನನ್ನು ಬೆನ್ನುಹತ್ತಿ ತಡೆಯುತ್ತಿದ್ದ. ಸೀಟಿ ಕೇಳಿತು, ಯಾಕೆಂದು ನೋಡಲು ರೆಫರಿಯ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಪ್ರೊಕೊಪೊವ್‌ನ ಕೈ ಮುಖದ ಮೇಲೆ ಬಿದ್ದಿತ್ತು. ಜನ ಗ್ಯಾಲರಿಯಿಂದ ಕೊಳದ ಅಂಚಿಗೇ ನುಗ್ಗಿದರು, ಪೊಲೀಸರು ಬಂದರು, ಒಂದು ನಿಮಿಷ ಬಾಕಿ ಇರುವಾಗಲೇ ಪಂದ್ಯ ನಿಂತಿತು. ಯುಗೊಸ್ಲಾವಿಯಾ ವಿರುದ್ಧದ ಕೊನೆಯ ಪಂದ್ಯವನ್ನು ಹಂಗೇರಿ 2-1ರಿಂದ ಗೆದ್ದು ಚಿನ್ನ ಪಡೆಯಿತು. ಝಾದೋರ್ ಅದನ್ನು ದಡದಲ್ಲಿ ಕೂತು ನೋಡಬೇಕಾಯಿತು. ಅವನು ಊರಿಗೆ ಮರಳಲಿಲ್ಲ. ಅಮೆರಿಕಕ್ಕೆ ಹೋಗಿ ಈಜು ಕಲಿಸಿದ, ಅವನ ಶಿಷ್ಯರಲ್ಲಿ, ಮುಂದೆ ಈಜಿನಲ್ಲಿ ಒಲಿಂಪಿಕ್ ಚಾಂಪಿಯನ್ ಆದ ಚಿಕ್ಕ ಹುಡುಗ ಮಾರ್ಕ್ ಸ್ಪಿಟ್ಜ್ ಕೂಡ ಇದ್ದ. ಹಂಗೇರಿಯ ಒಲಿಂಪಿಕ್ ದಂಡಿನಲ್ಲಿ ಇನ್ನೂ ಅನೇಕರು ಹಾಗೆಯೇ ಪರದೇಶದಲ್ಲಿ ಉಳಿದರು.

ಸೋವಿಯತ್ ವಿರುದ್ಧದ ಆ ಪಂದ್ಯವನ್ನು ದೇಶಭಕ್ತಿಯ ಗೆಲುವು ಎಂದು ಬಣ್ಣಿಸುವುದು ವಾಡಿಕೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಅದೇ ಹಂಗೇರಿ 1952ರಲ್ಲೂ ಗೆದ್ದಿತ್ತು, ಮುಂದೆ 1964ರಲ್ಲೂ ಗೆದ್ದಿತು. ಆಗ ಟ್ಯಾಂಕೂ ಇರಲಿಲ್ಲ, ರಕ್ತವೂ ಇರಲಿಲ್ಲ. ಮೂರರಲ್ಲೂ ಇದ್ದವನು ದೆಝೊ ಗ್ಯಾರ್ಮತಿ. 1948ರಿಂದ 1964ರವರೆಗೆ ಸತತ ಐದು ಒಲಿಂಪಿಕ್ಸ್‌ನಲ್ಲಿ ಪದಕ: ಬೆಳ್ಳಿ, ಚಿನ್ನ, ಚಿನ್ನ, ಕಂಚು, ಚಿನ್ನ. ಹೆಂಡತಿ ಏವಾ ಸೇಕೆಯ್ 1952ರ ಈಜು ಚಾಂಪಿಯನ್, ಮಗಳು ಆಂದ್ರೆಯಾ 1972ರಲ್ಲಿ ಎರಡು ಪದಕ ಗೆದ್ದವಳು. ಆಮೇಲೆ ಗ್ಯಾರ್ಮತಿ ಕೋಚ್ ಆದ. 1972ರಲ್ಲಿ ಬೆಳ್ಳಿ, 1973ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆದ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ, 1976ರ ಮಾಂಟ್ರಿಯಲ್‌ನಲ್ಲಿ ತಮಾಶ್ ಫರಗೋನಂಥ ಆಟಗಾರನೊಂದಿಗೆ ಮತ್ತೆ ಒಲಿಂಪಿಕ್ ಚಿನ್ನ. ಅದೇ ಫರಗೋ ಮುಂದೆ ಕೋಚ್ ಆಗಿ 2005ರಲ್ಲಿ ಮಹಿಳಾ ತಂಡಕ್ಕೆ ವಿಶ್ವ ಪ್ರಶಸ್ತಿ ತಂದ. ಆಡಿದವನು ಕಲಿಸುತ್ತಾನೆ, ಕಲಿತವನು ಆಡುತ್ತಾನೆ. ಗರಡಿಮನೆಯ ಲೆಕ್ಕವೇ.

ಭಾರತವೂ ಈ ಆಟದಲ್ಲಿ ಪೂರ್ತಿ ಹೊರಗಿನದೇನಲ್ಲ. 1948 ಮತ್ತು 1952ರ ಒಲಿಂಪಿಕ್ಸ್ ಆಡಿದೆ. 1951ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಸಚಿನ್ ನಾಗ್, ಅದೇ ಕೂಟದಲ್ಲಿ 100 ಮೀಟರ್ ಈಜಿನ ಚಿನ್ನವನ್ನೂ ತಂದವನು. 1970ರಲ್ಲಿ ಬೆಳ್ಳಿ, 1982ರಲ್ಲಿ ಕಂಚು. ಅಲ್ಲಿಗೆ ಸರಪಳಿ ಕಡಿಯಿತು.

ಹಂಗೇರಿಯಲ್ಲೂ ಸರಪಳಿ ಒಮ್ಮೆ ಸಡಿಲವಾಗಿತ್ತು. 1976ರ ನಂತರ 24 ವರ್ಷ ಒಲಿಂಪಿಕ್ ಚಿನ್ನವಿಲ್ಲ. 1980ರಲ್ಲಿ ಕಂಚು. 1984ರಲ್ಲಿ ಸೋವಿಯತ್ ಬಣದ ಬಹಿಷ್ಕಾರದಿಂದಾಗಿ ಹೋಗಲೇ ಇಲ್ಲ. 1988ರಲ್ಲಿ ಐದನೆಯದು, 1992ರಲ್ಲಿ ಆರನೆಯದು, 1996ರಲ್ಲಿ ನಾಲ್ಕನೆಯದು. ಯುಗೊಸ್ಲಾವಿಯಾ, ಇಟಲಿ, ಸ್ಪೇನ್ ಮುಂದೆ ಹೋಗಿದ್ದವು.

1997ರಲ್ಲಿ ದೇನೆಶ್ ಕೆಮೇನ್ ತಂಡದ ಕೋಚ್ ಆದ. ಆ ವರ್ಷವೇ ಯೂರೋಪಿನ ಪ್ರಶಸ್ತಿ ಮರಳಿತು. 2000ದ ಸಿಡ್ನಿ ಫೈನಲ್‌ನಲ್ಲಿ ರಷ್ಯಾವನ್ನು 13-6ರಿಂದ ಸದೆಬಡಿದರು. 2004ರ ಅಥೆನ್ಸ್‌ನಲ್ಲಿ ಸರ್ಬಿಯಾ-ಮಾಂಟೆನೆಗ್ರೊ ವಿರುದ್ಧ ಕೂದಲೆಳೆಯ 8-7. 2008ರ ಬೀಜಿಂಗ್‌ನಲ್ಲಿ ಅಮೆರಿಕ ವಿರುದ್ಧ 14-10. ತಮಾಶ್ ಕಾಶಾಶ್, ತಿಬೋರ್ ಬೆನೆಡೆಕ್, ಪೇತೆರ್ ಬಿರೋಶ್, ಗೆರ್ಗೆಯ್ ಕಿಶ್, ತಮಾಶ್ ಮೊಲ್ನಾರ್, ಗೋಲಿ ಜೋಲ್ತಾನ್ ಸೇಚಿ, ಈ ಆರೂ ಜನ ಮೂರೂ ಚಿನ್ನದಲ್ಲಿದ್ದರು. ಕಾಶಾಶ್‌ನ ಅಪ್ಪ ಜೋಲ್ತಾನ್ 1972ರ ಬೆಳ್ಳಿ ತಂಡದವನು. ಸತತ ಮೂರು ಚಿನ್ನ ಅದಕ್ಕೂ ಮೊದಲು ಬ್ರಿಟನ್ನಿಗೆ ಮಾತ್ರ ದಕ್ಕಿತ್ತು, ಅದೂ ಆಟವೇ ಬೇರೆಯಾಗಿದ್ದ ಕಾಲದಲ್ಲಿ.

ಅಲ್ಲಿಂದೀಚೆಗೆ ಒಲಿಂಪಿಕ್ಸ್‌ನಲ್ಲಿ ಅಂಥ ಭಾಗ್ಯವಿಲ್ಲ. 2012, 2016 ಎರಡರಲ್ಲೂ ಐದನೇ ಸ್ಥಾನ. ನಡುವೆ 2013ರಲ್ಲಿ ಬಾರ್ಸಿಲೋನಾದಲ್ಲಿ ವಿಶ್ವ ಪ್ರಶಸ್ತಿ ಬಂತು, ಕೋಚ್ ಅದೇ ಬೆನೆಡೆಕ್. 2020ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವನಿಗೆ 47 ವರ್ಷ. ಆ ವರ್ಷದ ಜನವರಿಯಲ್ಲಿ ತಂಡ ಬುಡಾಪೆಸ್ಟಿನಲ್ಲಿ 13ನೇ ಸಲ ಯೂರೋಪಿನ ಚಾಂಪಿಯನ್ ಆಗಿತ್ತು. ಟೋಕಿಯೊದಲ್ಲಿ ಕಂಚು ಬಂತು. ಇಷ್ಟರಲ್ಲಿ ಸರ್ಬಿಯಾ 2016, 2020, 2024ರ ಮೂರೂ ಚಿನ್ನ ಗೆದ್ದು ಆ ದಾಖಲೆಯ ಪಕ್ಕದಲ್ಲಿ ತಾನೂ ಕೂತಿತು.

2023ರಲ್ಲಿ ಫುಕುವೊಕಾದ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ಪೆನಾಲ್ಟಿಗೆ ಹೋದಾಗ ಗ್ರೀಸ್ ವಿರುದ್ಧ ಹಂಗೇರಿ ಗೆದ್ದಿತು. ಕೋಚ್ ಜೋಲ್ತ್ ವರ್ಗಾ, ಸಿಡ್ನಿಯ ಚಿನ್ನದ ತಂಡದ ಆಟಗಾರ. ಮರುವರ್ಷ ಪ್ಯಾರಿಸ್‌ನಲ್ಲಿ ಕಂಚಿನ ಪಂದ್ಯ, ಎದುರಿಗೆ ಅಮೆರಿಕ. 8-8 ಸಮ, ಮತ್ತೆ ಪೆನಾಲ್ಟಿ. ಅಮೆರಿಕ ಮೂರು ಗೋಲು ಹೊಡೆಯಿತು. ಹಂಗೇರಿಯ ಒಂದು ಹೊಡೆತವೂ ಬಲೆ ಸೇರಲಿಲ್ಲ.