ಬಿ ಯಾವುದು, ಕೆ ಯಾವುದು: ತುರ್ತು ಕರೆ ಕೇಂದ್ರಗಳು ಒಂದಾಗುತ್ತ ಬಂದ ಬಗೆ

ಕಲಬುರಗಿ ತಾಲ್ಲೂಕಿನಲ್ಲಿ ಮೇಳಕುಂದಾ (ಬಿ) ಮತ್ತು ಮೇಳಕುಂದಾ (ಕೆ) ಎಂಬ ಎರಡು ಊರುಗಳಿವೆ. ‘ಬಿ’ ಎಂದರೆ ಬುಜುರ್ಗ್, ಹಿರಿಯ ಊರು. ‘ಕೆ’ ಎಂದರೆ ಖುರ್ದ್, ಕಿರಿಯ ಊರು. ಪಾರಸಿಯಲ್ಲಿ ದಫ್ತರ ಬರೆಯುತ್ತಿದ್ದ ಕಾಲದಿಂದ ಉಳಿದು ಬಂದ ಈ ಅಕ್ಷರಗಳು ನಮ್ಮ ಭಾಗದ ಅನೇಕ ಊರುಗಳ ಹೆಸರಿಗೆ ಅಂಟಿಕೊಂಡಿವೆ. ಆದರೆ ಗಾಬರಿಯಲ್ಲಿ ಫೋನು ಮಾಡುವವನು ಅಕ್ಷರವನ್ನು ಹೇಳುವುದಿಲ್ಲ, ಊರಿನ ಹೆಸರನ್ನಷ್ಟೇ ಹೇಳುತ್ತಾನೆ. ಕರೆ ಎತ್ತಿದವರು ಈ ನೆಲದವರಾದರೆ ‘ಬಿ ಏನ್ರಿ, ಕೆ ಏನ್ರಿ’ ಎಂದು ತಾವಾಗಿಯೇ ಕೇಳುತ್ತಾರೆ. ದೂರದಲ್ಲಿ ಕುಳಿತವರಿಗೆ ಹಾಗೆ ಕೇಳಬೇಕೆಂದೇ ಹೊಳೆಯುವುದಿಲ್ಲ. ತುರ್ತು ಕರೆ ಕೇಂದ್ರಗಳು ಊರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜಧಾನಿಗೆ ಸರಿಯುತ್ತ ಬಂದ ಇತಿಹಾಸವನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಈ ಎರಡು ಅಕ್ಷರಗಳ ಬಳಿಗೇ ಬರುತ್ತದೆ.

ತುರ್ತಿಗೆಂದೇ ಒಂದು ಸಂಖ್ಯೆ ಇರಬೇಕೆಂಬ ವಿಚಾರ ಹುಟ್ಟಿದ್ದು ಲಂಡನ್ನಿನಲ್ಲಿ. 1935ರ ನವೆಂಬರ್‌ನಲ್ಲಿ ಅಲ್ಲಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ನೆರೆಯವರ ಕರೆ ಟೆಲಿಫೋನ್ ಎಕ್ಸ್‌ಚೇಂಜಿನ ಸರದಿಯಲ್ಲಿಯೇ ಸಿಕ್ಕಿಕೊಂಡಿತ್ತು. ಆ ದುರಂತದ ನಂತರ 1937ರ ಜೂನ್ 30ರಂದು 999 ಸಂಖ್ಯೆ ಜಾರಿಗೆ ಬಂತು. ಅಮೆರಿಕದಲ್ಲಿ ಮೊದಲ 911 ಕರೆ ಹೋದದ್ದು 1968ರ ಫೆಬ್ರವರಿಯಲ್ಲಿ, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಪಟ್ಟಣದಿಂದ. ಸಂಖ್ಯೆ ಒಂದೇ ಆದರೂ ಅಲ್ಲಿ ಕರೆ ಎತ್ತುವ ಕೇಂದ್ರಗಳು ಬಹುಕಾಲ ಊರು ಮತ್ತು ಕೌಂಟಿಯ ಮಟ್ಟದಲ್ಲಿಯೇ ಉಳಿದವು. ಅವುಗಳನ್ನು ಕೂಡಿಸಿ ಪ್ರಾದೇಶಿಕ ಕೇಂದ್ರ ಮಾಡಬೇಕೆಂಬ ಚರ್ಚೆ ಇಂದಿಗೂ ಅಲ್ಲಿ ಮುಗಿದಿಲ್ಲ.

ಕೂಡಿಸಬೇಕೆನ್ನುವವರ ವಾದದಲ್ಲಿ ತೂಕವಿದೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವ ಕೋಣೆಗೆ ಒಮ್ಮೆಗೇ ಮೂರು ಕರೆ ಬಂದರೆ ಎರಡು ಕರೆ ಕಾಯಲೇಬೇಕು. ಇಪ್ಪತ್ತು ಜನ ಕುಳಿತ ಕೋಣೆಯಲ್ಲಿ ಆ ಪಾಡು ಬಾರದು. ಕರೆ ಬಂದ ಜಾಗವನ್ನು ತೋರಿಸುವ ಯಂತ್ರ, ಮಾತಿನ ಧ್ವನಿಮುದ್ರಣ, ತರಬೇತಿ ಇವೆಲ್ಲ ಸಣ್ಣ ಕೇಂದ್ರದ ಕೈಗೆ ಎಟುಕುವ ಖರ್ಚುಗಳಲ್ಲ. ಫಿನ್‌ಲ್ಯಾಂಡ್ ತನ್ನ 15 ಕೇಂದ್ರಗಳನ್ನು 2014ರ ಹೊತ್ತಿಗೆ ಆರಕ್ಕೆ ಇಳಿಸಿತು. ಅನಂತರ ಆ ಆರನ್ನೂ ಒಂದೇ ಜಾಲದಲ್ಲಿ ಹೆಣೆದು, ಒಂದು ಕೇಂದ್ರದಲ್ಲಿ ಒತ್ತಡ ಹೆಚ್ಚಾದರೆ ಇನ್ನೊಂದು ಕೇಂದ್ರ ಕರೆ ಎತ್ತುವಂತೆ ಮಾಡಿತು.

ಆದರೆ ಅವಸರದಿಂದ ಕೂಡಿಸಿದಲ್ಲಿ ಆದದ್ದೇ ಬೇರೆ. ಇಂಗ್ಲೆಂಡ್ 2004ರಲ್ಲಿ 46 ಅಗ್ನಿಶಾಮಕ ನಿಯಂತ್ರಣ ಕೊಠಡಿಗಳನ್ನು ಒಂಬತ್ತು ಪ್ರಾದೇಶಿಕ ಕೇಂದ್ರಗಳಾಗಿ ಮಾಡಲು ಹೊರಟಿತು. ಹೊಸ ಕಟ್ಟಡಗಳು ಎದ್ದವು, ಕಂಪ್ಯೂಟರ್ ವ್ಯವಸ್ಥೆ ಮಾತ್ರ ಕೈಗೂಡಲಿಲ್ಲ. 2010ರ ಡಿಸೆಂಬರಿನಲ್ಲಿ ಯೋಜನೆಯನ್ನೇ ಕೈಬಿಡಲಾಯಿತು, ಕನಿಷ್ಠ 46.9 ಕೋಟಿ ಪೌಂಡ್ ವ್ಯರ್ಥವಾಯಿತೆಂದು ಅಲ್ಲಿನ ಲೆಕ್ಕಪರಿಶೋಧಕರು ವರದಿ ಕೊಟ್ಟರು. ಸ್ಥಳೀಯ ಅಗ್ನಿಶಾಮಕ ಸೇವೆಗಳ ಮನವೊಲಿಸದೆ ಮೇಲಿನಿಂದ ಹೇರಿದ್ದು ಆ ಸೋಲಿಗೆ ಒಂದು ಮುಖ್ಯ ಕಾರಣವಾಗಿತ್ತು.

ಸ್ಕಾಟ್ಲೆಂಡಿನ ಘಟನೆ ಇದಕ್ಕಿಂತ ದಾರುಣ. 2013ರಲ್ಲಿ ಎಂಟು ಪೊಲೀಸ್ ಪಡೆಗಳನ್ನು ಒಂದು ಮಾಡಿದ ಮೇಲೆ ಅಲ್ಲಿ ಸ್ಥಳೀಯ ನಿಯಂತ್ರಣ ಕೊಠಡಿಗಳನ್ನು ಮುಚ್ಚುತ್ತ ಬರಲಾಯಿತು. 2015ರ ಜುಲೈನಲ್ಲಿ ಹೆದ್ದಾರಿಯ ಬದಿಗೆ ಕಾರೊಂದು ಉರುಳಿ ಬಿದ್ದಿದೆ ಎಂದು ಒಬ್ಬರು ಕರೆ ಮಾಡಿ ತಿಳಿಸಿದರು. ಕರೆ ಎತ್ತಿದ ಅಧಿಕಾರಿ ವಿವರ ಬರೆದುಕೊಂಡರು, ಆದರೆ ಅದು ಕಂಪ್ಯೂಟರಿಗೆ ಏರಲಿಲ್ಲ, ಯಾರೂ ಹೋಗಿ ನೋಡಲಿಲ್ಲ. ಮೂರು ದಿನಗಳ ನಂತರ ಪೊಲೀಸರು ತಲುಪಿದಾಗ ಚಾಲಕ ಸತ್ತಿದ್ದ, ಜೊತೆಗಿದ್ದ ತರುಣಿ ಇನ್ನೂ ಉಸಿರಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಆಕೆಯೂ ತೀರಿಕೊಂಡಳು. ಅಲ್ಲಿ ಕರೆಗೆ ಉತ್ತರ ಸಿಕ್ಕಿತ್ತು. ತಪ್ಪಿದ್ದು ಕೇಳಿದವರಿಂದ ಕಳಿಸುವವರಿಗೆ ಸುದ್ದಿ ದಾಟಬೇಕಾದ ಜಾಗದಲ್ಲಿ, ಮತ್ತು ಕೇಂದ್ರಗಳನ್ನು ಕೂಡಿಸುವಾಗ ಹೊಸದಾಗಿ ಹುಟ್ಟುವ ಅಪಾಯಗಳಲ್ಲಿ ಒಂದು ಆ ಜಾಗದಲ್ಲಿಯೇ ಇದೆ.

ನಮ್ಮಲ್ಲಿ 100, 101, 102 ಎಂದು ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್‌ಗೆ ಬೇರೆ ಬೇರೆ ಸಂಖ್ಯೆಗಳಿದ್ದವು. ಹಳ್ಳಿಗಳಲ್ಲಿ ಅವನ್ನು ನೆಚ್ಚಿದವರು ಕಡಿಮೆ. ಠಾಣೆಯ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದೇ ರೂಢಿಯಾಗಿತ್ತು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ 108 ಸೇವೆ ಆ ರೂಢಿಯನ್ನು ಬದಲಿಸಿತು. ಕರ್ನಾಟಕದಲ್ಲಿ ಅದು 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂತು. ಹೆರಿಗೆ ನೋವು ಶುರುವಾದ ಹೆಣ್ಣುಮಗಳನ್ನು ಟಂಟಂನಲ್ಲಿ ಒಯ್ಯುತ್ತಿದ್ದ ತಾಂಡಾಗಳಿಗೆ ಆ ಗಾಡಿ ಏನಾಗಿತ್ತೆಂಬುದನ್ನು ಕಂಡವರು ಮರೆಯಲಾರರು. ಆದರೆ ರಾಜ್ಯದ ಕರೆಗಳು ಬಂದು ಸೇರುತ್ತಿದ್ದುದು ಬೆಂಗಳೂರಿನಲ್ಲಿ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ಯಂತ್ರ ವ್ಯವಸ್ಥೆ ಕೈಕೊಟ್ಟಾಗ ಎಲ್ಲ ಜಿಲ್ಲೆಗಳ ಸೇವೆಯೂ ಒಟ್ಟಿಗೇ ಏರುಪೇರಾಯಿತು.

ಏಕ ಸಂಖ್ಯೆಯ ಬೇಡಿಕೆಗೆ ಬಲ ಬಂದದ್ದು 2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣದ ನಂತರ. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 112 ಅನ್ನು ಶಿಫಾರಸು ಮಾಡಿತು. ನಿರ್ಭಯಾ ನಿಧಿಯ ನೆರವಿನಿಂದ 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶ ಅದನ್ನು ಮೊದಲು ಜಾರಿಗೆ ತಂದಿತು, 2019ರಲ್ಲಿ ಕರ್ನಾಟಕವೂ ಸೇರಿತು. ಈ ವ್ಯವಸ್ಥೆಯಲ್ಲಿ ಬೆಂಗಳೂರಿನ ಕೇಂದ್ರ ಕರೆ ಎತ್ತಿ ವಿವರ ದಾಖಲಿಸುತ್ತದೆ, ಜಿಲ್ಲಾ ನಿಯಂತ್ರಣ ಕೊಠಡಿ ಹತ್ತಿರದ ವಾಹನವನ್ನು ಕಳಿಸುತ್ತದೆ. ಕೇಳುವ ಕೆಲಸ ರಾಜಧಾನಿಗೆ ಹೋಗಿ, ಕಳಿಸುವ ಕೆಲಸ ಜಿಲ್ಲೆಯಲ್ಲಿ ಉಳಿಯಿತು. ಈ ಹಂಚಿಕೆ ವಿವೇಕದ್ದೆಂದೇ ನನ್ನ ಅಭಿಪ್ರಾಯ. ಆದರೆ ಊರು ಯಾವುದೆಂದು ಗುರುತಿಸುವ ಕೆಲಸ ಕೇಳುವವರ ಪಾಲಿಗೇ ಬಿದ್ದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಕಾನ ಹೊಲದಲ್ಲಿ ತೊಗರಿ ಬಣಮಿಗೆ ಬೆಂಕಿ ಬಿದ್ದಾಗ ತುರ್ತು ಸಂಖ್ಯೆಗೆ ಫೋನು ಮಾಡಿದವನು ನಾನೇ. ‘ಹೋಬಳಿ ಯಾವುದು ಹೇಳಿ ಸರ್’ ಎಂದು ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದಲೇ ಕೇಳಿದಳು. ‘ಅಗಸಿ ದಾಟಿ ಹಳ್ಳದ ದಂಡಿಗಿ ಅದ ರೀ’ ಎಂದೆ. ಆಕೆಗೆ ಅಗಸಿ ಎಂದರೇನೆಂದು ತಿಳಿಯಲಿಲ್ಲ. ನನಗೆ ಹೋಬಳಿಯ ಹೆಸರು ಬಾಯಿಗೆ ಬರಲಿಲ್ಲ. ಊರ ಬಾಗಿಲಿಗೆ ನಾವು ಅಗಸಿ ಅನ್ನುತ್ತೇವೆ ಎಂದು ನಾನು ವಿವರಿಸುತ್ತ ನಿಂತಿದ್ದಾಗ ಕಾಕಾ ಒದ್ದೆ ಗೋಣಿಚೀಲದಿಂದ ಬೆಂಕಿಯನ್ನು ಬಡಿಯುತ್ತಿದ್ದ. ಗಾಡಿ ಬಂತು, ಆದರೆ ಮೊದಲು ನಮ್ಮದೇ ಹೆಸರಿನ ‘ಕೆ’ ಊರಿಗೆ ಹೋಗಿ ಬಂತು. ಅಷ್ಟರಲ್ಲಿ ಬಣಮಿ ಬೂದಿಯಾಗಿತ್ತು. ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿನ ಪರದೆಯಲ್ಲಿ ನಮ್ಮ ಊರು ಎರಡಾಗಿ ಕಾಣಬೇಕಿತ್ತು.

ಸ್ಮಾರ್ಟ್‌ಫೋನು ಈಗ ತಾನಿರುವ ಜಾಗವನ್ನು ತಾನೇ ತಿಳಿಸಬಲ್ಲದು, ನಿಜ. ಸಾದಾ ಫೋನಿನವರ ಜಾಗವನ್ನು ಟವರಿನ ಅಂದಾಜಿನಿಂದಲೇ ಹುಡುಕಬೇಕು. ಟವರುಗಳು ವಿರಳವಾದ ಕಡೆ ಆ ಅಂದಾಜಿನೊಳಗೆ ಅನೇಕ ಊರುಗಳು ಬೀಳುತ್ತವೆ. ಔರಾದ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ಫೋನು ಮಹಾರಾಷ್ಟ್ರದ ಅಥವಾ ತೆಲಂಗಾಣದ ಟವರ್ ಹಿಡಿದರೆ ಕರೆ ಬೇರೆಯದೇ ರಾಜ್ಯಕ್ಕೆ ಹೋಗಬಹುದು. ಭಾಷೆಯ ತೊಡಕೂ ಸಣ್ಣದಲ್ಲ. ಬೀದರ್‌ನಲ್ಲಿ ಮರಾಠಿ ಮತ್ತು ಉರ್ದು, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಭಯವಾದಾಗ ಮನುಷ್ಯನ ಬಾಯಿಂದ ಬರುವುದು ಮನೆಮಾತೇ.

ಆದ್ದರಿಂದ ಹಳೆಯ ತಾಲ್ಲೂಕು ಠಾಣೆಗೂ ಬೆಂಗಳೂರಿಗೂ ನಡುವಿನ ಒಂದು ಮಟ್ಟವನ್ನು ನಾವು ಕೇಳಬೇಕು: ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಸೇರಿ ಕಲಬುರಗಿಯಲ್ಲಿ ಒಂದು ಕೇಂದ್ರ, ಪೊಲೀಸು, ಅಗ್ನಿಶಾಮಕ, ಆಂಬುಲೆನ್ಸ್ ಮೂವರೂ ಒಂದೇ ಕೋಣೆಯಲ್ಲಿ, ಬೆಂಗಳೂರಿನ ಕೇಂದ್ರ ಅದರ ಬೆನ್ನಿಗೆ. ಇದು ಆಗದ ಮಾತಲ್ಲ. 104 ಆರೋಗ್ಯವಾಣಿಯ ಕೇಂದ್ರ 2013ರಲ್ಲಿ ಶುರುವಾದದ್ದು ಹುಬ್ಬಳ್ಳಿಯಲ್ಲಿಯೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳನ್ನು ಸುತ್ತುವರಿದಂತಹ ದಿನಗಳಲ್ಲಿ ಯಾವ ಸೇತುವೆ ಮುಳುಗಿದೆ, ಯಾವ ದಾರಿ ಇನ್ನೂ ಉಳಿದಿದೆ ಎಂಬುದು ಇಂತಹ ಕೋಣೆಗೆ ಗಂಟೆಗಂಟೆಗೂ ಗೊತ್ತಿರುತ್ತದೆ. ಕೇಂದ್ರ ಆಗುವವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಪ್ರತಿ ಪಂಚಾಯಿತಿಯ ಪಿಡಿಒ ಮತ್ತು ಆಶಾ ಕಾರ್ಯಕರ್ತೆಯನ್ನು ಕೂಡಿಸಿಕೊಂಡು ಊರಿನ ಅಕ್ಷರ, ತಾಂಡಾಗಳ ಆಡುಹೆಸರು, ಅಗಸಿ, ಹಳ್ಳ, ಕ್ರಾಸುಗಳನ್ನು 112ರ ನಕ್ಷೆಗೆ ಏರಿಸುವುದು.