ಅಟ್ಟ ಹತ್ತದೆ ರೇಟು ಹೇಳುವವರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಮನೆ ಕೊಂಡ ಕನ್ನಡದವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಜನವರಿಯಲ್ಲಿ. "ಹೋದ ಬೇಸಿಗೆಯಲ್ಲೇ ಹೊಸ ರೂಫ್ ಹಾಕಿಸಿದ್ದೀವಿ, ಆದರೂ ಬೆಡ್‌ರೂಮಿನ ಸೀಲಿಂಗ್ ಒದ್ದೆ" ಅಂತ. ನಾನು ಮನೆ ತಪಾಸಣೆ ಮಾಡುವವನು, ರೂಫ್ ಹಾಕುವವನಲ್ಲ. ಹೋಗಿ ನೋಡಿದರೆ ಎಷ್ಟೋ ಸಲ ಶಿಂಗಲ್, ಅಂದರೆ ಇಲ್ಲಿ ಹೆಂಚಿನ ಬದಲು ಹೊದಿಸುವ ಡಾಂಬರಿನ ತೆಳು ಹಲಗೆ, ಚೆನ್ನಾಗಿಯೇ ಇರುತ್ತದೆ. ಎಡವಟ್ಟು ಇರುವುದು ಅದರ ಕೆಳಗೆ, ಅಟ್ಟದಲ್ಲಿ.

ಮಲೆನಾಡಲ್ಲಿ ಮಳೆಗಾಲಕ್ಕೆ ಮೊದಲು ಯಾರಾದರೂ ಹತ್ತಿ ಒಡೆದ ಹೆಂಚು ಬದಲಿಸಿದರೆ ಮುಗಿಯಿತು, ನೀರು ಇಳಿಜಾರಲ್ಲಿ ಜಾರಿ ಹೋಗುತ್ತದೆ. ಇಲ್ಲಿ ನೀರು ಜಾರುವ ಬದಲು ನಿಲ್ಲುತ್ತದೆ. ಈರಿ ಸರೋವರ ಹೆಪ್ಪುಗಟ್ಟುವ ಮೊದಲು ಅದರ ಮೇಲೆ ಬೀಸುವ ತಣ್ಣನೆ ಗಾಳಿ ತೇವ ಹೀರಿಕೊಂಡು ಬಂದು ದಡದ ಊರುಗಳ ಮೇಲೆ ಹಿಮ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಪಕ್ಕದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ 6 ಅಡಿಗೂ ಜಾಸ್ತಿ ಬಿತ್ತು. ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿದರೆ ಹಿಮದ ತಳ ಕರಗುತ್ತದೆ. ಕರಗಿದ್ದು ಇಳಿದು ಸೂರಿಗೆ ಬರುತ್ತದೆ, ಸೂರು ಗೋಡೆಯಿಂದ ಆಚೆ ಇರುವುದರಿಂದ ಅಲ್ಲಿ ಬಿಸಿ ಇಲ್ಲ, ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟುತ್ತದೆ, ಹಿಂದೆ ನಿಂತ ನೀರು ಶಿಂಗಲ್ ಅಡಿಗೆ ನುಗ್ಗುತ್ತದೆ. ಇದನ್ನೇ ಐಸ್ ಡ್ಯಾಮ್ ಅನ್ನುವುದು.

ಹಾಗಾಗಿ ರೂಫ್ ಹಾಕುವವನನ್ನು ಆರಿಸಲು ನನ್ನ ಮೊದಲ ಪರೀಕ್ಷೆ ಸುಲಭ. ರೇಟು ಹೇಳಲು ಬಂದವನು ಅಟ್ಟ ಹತ್ತಿದನಾ? ಈಗ ಉಪಗ್ರಹದ ಚಿತ್ರ ನೋಡಿ ಅಳತೆ ಹಾಕಿ ಫೋನಲ್ಲೇ ರೇಟು ಕಳಿಸುವವರೂ ಇದ್ದಾರೆ. ಶಿಂಗಲ್ ಎಷ್ಟು ಬೇಕು ಅನ್ನುವುದಕ್ಕೆ ಅದು ಸಾಕು. ಅಟ್ಟವನ್ನು ತಣ್ಣಗಿಡುವ ಸೂರಿನ ಗಾಳಿಕಿಂಡಿಗೆ ಇನ್ಸುಲೇಶನ್ (ಬಿಸಿ ಸೋರದಂತೆ ಹಾಸುವ ಪದರ) ಅಡ್ಡ ಬಂದಿದೆಯಾ ಅನ್ನುವುದು ಉಪಗ್ರಹಕ್ಕೆ ಕಾಣುವುದಿಲ್ಲ, ಅಲ್ವಾ? ಕಳೆದ ಚಳಿಗಾಲ ಒಂದು ಮನೆಯಲ್ಲಿ ಬಾತ್‌ರೂಮ್ ಫ್ಯಾನಿನ ಪೈಪು ಅಟ್ಟದಲ್ಲೇ ಬಾಯಿ ತೆರೆದಿತ್ತು. ಸ್ನಾನದ ಹಬೆಯೆಲ್ಲ ಶಿಂಗಲ್ ಕೆಳಗಿನ ಪ್ಲೈವುಡ್‌ಗೆ ಅಂಟಿ ಮಂಜುಗಡ್ಡೆ ಆಗಿ, ಬಿಸಿಲು ಬಂದ ದಿನ ತೊಟ್ಟಿಕ್ಕುತ್ತಿತ್ತು. ಮನೆಯವರು ಶಿಂಗಲ್‌ನವನಿಗೆ ಸುಮ್ನೆ ಬೈಯುತ್ತಿದ್ದರು. ಪೂರ್ತಿ ಸುಮ್ನೆ ಅಲ್ಲ ಬಿಡಿ, ಅವನೂ ಅಟ್ಟ ನೋಡಿರಲಿಲ್ಲ.

ಎರಡನೆಯದು ನಿಂತ ನೀರು ಒಳಗಿಳಿಯದಂತೆ ಸೂರಿನ ಕಡೆ ಶಿಂಗಲ್ ಅಡಿಗೆ ಹಾಕುವ ಅಂಟು ಹಾಳೆ, ಐಸ್ ಶೀಲ್ಡ್. ಅದು ಹೊರಗೋಡೆಯ ಗೆರೆ ದಾಟಿ 24 ಇಂಚು ಒಳಗೆ ಬರಬೇಕು, ಇದು ಕೋಡ್, ಅಂದರೆ ಕಟ್ಟಡದ ನಿಯಮ. ಆದರೆ ರೋಲಿನ ಅಗಲ ಸಾಮಾನ್ಯವಾಗಿ 36 ಇಂಚು. ಸೂರು ಒಂದೂವರೆ ಅಡಿ ಚಾಚಿದ್ದರೆ 18 ಮತ್ತು 24 ಸೇರಿ 42 ಇಂಚು, ಇಳಿಜಾರಿನ ಲೆಕ್ಕ ಹಿಡಿದರೆ ಇನ್ನೂ ಜಾಸ್ತಿ. ಒಂದೇ ಸಾಲು ಹಾಕಿ "ಕೋಡ್ ಪ್ರಕಾರವೇ ಮಾಡಿದ್ದೇನೆ" ಅಂದರೆ ನಂಬಬೇಡಿ. ಎಷ್ಟು ಸಾಲು ಅನ್ನುವುದು ಕಾಗದದ ಮೇಲೆ ಬರಲಿ.

ಕಾಗದದ ವಿಷಯ ಬಂತಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 500 ಡಾಲರ್ ಮೀರಿದ ಮನೆ ರಿಪೇರಿಗೆ ಲಿಖಿತ ಒಪ್ಪಂದ ಕಡ್ಡಾಯ. ಸಹಿ ಹಾಕಿದ ಮೇಲೂ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು. ಬಿರುಗಾಳಿ ಬಂದ ಮರುದಿನ ಬಾಗಿಲು ತಟ್ಟಿ "ಇವತ್ತೇ ಸಹಿ ಹಾಕಿ, ಡಿಸ್ಕೌಂಟ್" ಅನ್ನುವವರ ಮುಂದೆ ಇದು ನೆನಪಿರಲಿ. ಮುಂಗಡವನ್ನು ಬೇರೆ ಖಾತೆಯಲ್ಲಿ ಇಡಬೇಕು ಅಥವಾ ಅದಕ್ಕೆ ಬಾಂಡ್ (ಖಾತರಿ ಪತ್ರ) ಕೊಡಬೇಕು ಅನ್ನುತ್ತದೆ ಕಾನೂನು, ಎಲ್ಲಿ ಇಡುತ್ತೀರಿ ಅಂತ ಕೇಳಿ. ನಮ್ಮವರಿಗೆ ಇದನ್ನು ಕೇಳಲು ಸಂಕೋಚ. ಕೆಲಸಗಾರರ ವಿಮೆಗೆ ಸಿ-105.2 ಫಾರಂ ಕೇಳಿ, ಸರ್ಕಾರಿ ವಿಮಾ ನಿಧಿಯಿಂದ ಪಡೆದಿದ್ದರೆ ಯು-26.3. ಅಕಾರ್ಡ್ ಅಂತ ವಿಮೆಯ ಇನ್ನೊಂದು ಸಾಮಾನ್ಯ ಪ್ರಮಾಣಪತ್ರ ತೋರಿಸುತ್ತಾರೆ, ಕೆಲಸಗಾರರ ವಿಮೆಗೆ ಈ ರಾಜ್ಯದಲ್ಲಿ ಅದು ಪುರಾವೆ ಅಲ್ಲ.

ಕೊನೆಗೆ ಸಮಯ. ಶಿಂಗಲ್ ಅಡಿಯ ಅಂಟು ಬಿಸಿಲಿಗೆ ಕರಗಿ ಹಿಡಿಯಬೇಕು. ನವೆಂಬರ್ ಕೊನೆಯಲ್ಲಿ ಹಾಕಿದರೆ ಅದು ವಸಂತದವರೆಗೂ ಸರಿಯಾಗಿ ಹಿಡಿಯದೇ ಇರಬಹುದು, ಸರೋವರದ ಗಾಳಿಯಂತೂ ಕಾಯುವುದಿಲ್ಲ. ಕೈಯಿಂದಲೇ ಒಂದೊಂದಕ್ಕೂ ರೂಫಿಂಗ್ ಸಿಮೆಂಟ್ (ಡಾಂಬರಿನ ಅಂಟು) ಹಚ್ಚುತ್ತೇನೆ ಅನ್ನುವವನು ಸಿಕ್ಕರೆ ಸರಿ. ಇಲ್ಲದಿದ್ದರೆ ಸೋರುವ ಕಡೆ ತೇಪೆ ಹಾಕಿಸಿ, ಮೇ ತಿಂಗಳಿಗೆ ಈಗಲೇ ದಿನ ಗೊತ್ತು ಮಾಡಿಕೊಳ್ಳಿ.